ಇಡುವುದು, ಇಕ್ಕುವುದು, ಹಾಕುವುದು

ಲೆಕ್ಕ ಇಡುವುದು ಬೇರೆ, ಲೆಕ್ಕ ಹಾಕುವುದು ಬೇರೆ. ಅಂಗಡಿಯವನು ದಿನದಿನವೂ ಲೆಕ್ಕ ಇಡುತ್ತಾನೆ. ಯುಗಾದಿಗೆ ಮುಂಚೆ ಒಂದು ಸಂಜೆ ಕುಳಿತು ಲಾಭವೆಷ್ಟು ನಷ್ಟವೆಷ್ಟು ಎಂದು ಲೆಕ್ಕ ಹಾಕುತ್ತಾನೆ. ಮಗುವಿಗೆ ಹೆಸರಿಡುತ್ತೇವೆ, ಹಾಜರಿ ಪುಸ್ತಕದಲ್ಲಿ ಅದೇ ಮಗುವಿನ ಹೆಸರು ಹಾಕುತ್ತೇವೆ. ಫೋನ್ ಹಾಕಿದರೆ ಮಾತು ಆರಂಭವಾಗುತ್ತದೆ, ಫೋನ್ ಇಟ್ಟರೆ ಮಾತು ಮುಗಿಯುತ್ತದೆ. ತೋಟದ ಮೇಲೆ ಕಣ್ಣಿಡುವವನು ಕಾವಲುಗಾರ, ಕಣ್ಣು ಹಾಕುವವನು ಬೇರೆಯವನು. ಹಿರಿಯರು ನಮ್ಮ ತಲೆಯ ಮೇಲೆ ಕೈಯಿಡುತ್ತಾರೆ; ನಮ್ಮ ಜೇಬಿಗೆ ಕೈ ಹಾಕುವವರನ್ನು ನಾವು ಹಿರಿಯರೆನ್ನುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿಗಳು ಈ ಸಾಲುಗಳನ್ನು ಓದಿ, ಮೇಷ್ಟರಿಗೆ ಮತ್ತೆ ವ್ಯಾಕರಣದ ಹುಚ್ಚು ಹಿಡಿಯಿತೆಂದು ನಗಬಹುದು. ಆದರೆ ಒಂದು ಕ್ಷಣ ಯೋಚಿಸಿ ನೋಡಿ. ಮೇಲೆ ಹೇಳಿದ ಭೇದವನ್ನು ನಿಮಗೆ ಯಾರೂ ಕಲಿಸಿದವರಿಲ್ಲ. ಪಠ್ಯಪುಸ್ತಕದಲ್ಲಿ ಇದು ಇರಲಿಲ್ಲ, ನಾನೂ ಕಪ್ಪು ಹಲಗೆಯ ಮೇಲೆ ಬರೆದಿರಲಿಲ್ಲ. ಆದರೂ ನಿಮ್ಮಲ್ಲಿ ಒಬ್ಬರೂ 'ಮಗುವಿಗೆ ಹೆಸರು ಹಾಕಿದೆವು' ಎನ್ನುವುದಿಲ್ಲ. ಒಂದು ವಸ್ತುವನ್ನು ಒಂದೆಡೆ ಸೇರಿಸುವ ಅತಿ ಸಾಮಾನ್ಯವಾದ ಕೆಲಸಕ್ಕೆ ನಮ್ಮ ನುಡಿ ಎಷ್ಟು ಬಗೆಯ ಮಾತುಗಳನ್ನು ಸಾಕಿಕೊಂಡಿದೆ, ಅವುಗಳ ಚರಿತ್ರೆಯೇನು, ಅವುಗಳಲ್ಲಿ ಕೆಲವು ಏಕೆ ಬಾಯಿಂದ ಬಾಯಿಗೆ ಸಾಗದೆ ನಿಂತುಹೋಗುತ್ತಿವೆ ಎಂಬುದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಭೇದದ ಮಾತು. ಇಡುವಾಗ ವಸ್ತುವಿನ ಜೊತೆ ಕೈ ಕೊನೆಯವರೆಗೂ ಹೋಗುತ್ತದೆ. ದೀಪವನ್ನು ಗೂಡಿನಲ್ಲಿ ಇಡುತ್ತೇವೆ, ಹಣೆಗೆ ಕುಂಕುಮ ಇಡುತ್ತೇವೆ, ನೆಲದ ಮೇಲೆ ಹೆಜ್ಜೆ ಇಡುತ್ತೇವೆ. ವಸ್ತು ನೆಲೆ ನಿಂತ ಮೇಲೆಯೇ ಕೈ ಹಿಂದಕ್ಕೆ ಬರುತ್ತದೆ, ಮತ್ತು ಆ ವಸ್ತು ಅಲ್ಲೇ ಇರುತ್ತದೆ, ಬೇಕೆಂದಾಗ ಸಿಗುತ್ತದೆ ಎಂಬ ಭರವಸೆಯೂ ಅದರಲ್ಲಿ ಸೇರಿದೆ. ಹಾಕುವಾಗ ಹಾಗಲ್ಲ. ಸಾರಿಗೆ ಉಪ್ಪು ಹಾಕುತ್ತೇವೆ, ಹೊಲಕ್ಕೆ ಗೊಬ್ಬರ ಹಾಕುತ್ತೇವೆ, ಹುಂಡಿಗೆ ಕಾಸು ಹಾಕುತ್ತೇವೆ, ಪೆಟ್ಟಿಗೆಗೆ ಓಟು ಹಾಕುತ್ತೇವೆ. ಕೈ ನಡುವೆಯೇ ಬಿಟ್ಟುಕೊಟ್ಟಿದೆ. ಮುಂದಿನದನ್ನು ವಸ್ತುವೇ ನೋಡಿಕೊಳ್ಳಬೇಕು. ಉಪ್ಪು ಕರಗಿಹೋಯಿತು, ಕಾಸು ದೇವರದಾಯಿತು, ಓಟು ಐದು ವರ್ಷ ಕೈಗೆ ಸಿಗುವುದಿಲ್ಲ. ಅಂಗಿ ಹಾಕು, ಬೀಗ ಹಾಕು, ಬಾಗಿಲು ಹಾಕು ಎಂಬಂಥ ಪ್ರಯೋಗಗಳು ಈ ವಿವರಣೆಗೆ ಪೂರ್ತಿಯಾಗಿ ಒಗ್ಗುವುದಿಲ್ಲವೆಂಬುದನ್ನು ಒಪ್ಪುತ್ತೇನೆ. ನುಡಿಯೇನು ರೇಖಾಗಣಿತವಲ್ಲ.

ಈ ಭೇದ ಕನ್ನಡಕ್ಕೊಂದಕ್ಕೇ ಮೀಸಲಾದುದೂ ಅಲ್ಲ. ತೆಲುಗರ ಪೆಟ್ಟು ಮತ್ತು ವೇಯು, ತಮಿಳರ ವೈ ಮತ್ತು ಪೋಡು, ನಮ್ಮ ಇಡು ಮತ್ತು ಹಾಕುವಿನಂತೆಯೇ ಜೋಡಿಯಾಗಿ ಬಾಳುತ್ತಿವೆ. ಹಿಂದಿಯ ರಖ್‌ನಾ, ಡಾಲ್‌ನಾಗಳೂ ಬಹುಮಟ್ಟಿಗೆ ಹೀಗೆಯೇ. ಇಂಗ್ಲಿಷಿನವನು ಮಾತ್ರ ಎಲ್ಲಕ್ಕೂ 'ಪುಟ್' ಎಂದು ಮುಗಿಸಿ, ಒಳಗೋ ಮೇಲೋ ಎಂಬುದನ್ನು ಹಿಂದಿನಿಂದ ಒಂದು ಚಿಕ್ಕ ಮಾತಿಗೆ ವಹಿಸುತ್ತಾನೆ. ನಿಜವಾಗಿ ಬೆರಗು ಹುಟ್ಟಿಸುವುದು ಈ ಎರಡು ಧಾತುಗಳು ಬೇರೆ ಕ್ರಿಯಾಪದದ ಬಾಲ ಹಿಡಿದಾಗ. ಕೂಡಿಡು, ಮುಚ್ಚಿಡು, ತೆಗೆದಿಡು, ಎತ್ತಿಡು, ಬರೆದಿಡು: ಇವೆಲ್ಲವೂ ನಾಳೆಗೆಂದು ಮಾಡಿದ ಕೆಲಸಗಳು. ಒಡೆದುಹಾಕು, ಸುಟ್ಟುಹಾಕು, ತಿಂದುಹಾಕು, ಕಿತ್ತುಹಾಕು: ಇವುಗಳಿಗೆ ನಾಳೆಯೇ ಇಲ್ಲ. ಕಾಗದದ ಮೇಲೆ ಗೀಚುವ ಕೆಲಸ ಒಂದೇ ಆದರೂ ಮನೆಯ ಪತ್ರವನ್ನು ಹಿರಿಯರು ಬರೆದಿಡುತ್ತಾರೆ, ಹೋಮ್‌ವರ್ಕನ್ನು ಹುಡುಗರು ಬರೆದುಹಾಕುತ್ತಾರೆ. ಮೂವತ್ತಕ್ಕೂ ಹೆಚ್ಚು ವರ್ಷ ಹೋಮ್‌ವರ್ಕ್ ತಿದ್ದಿದವನ ಮಾತಿದು, ನಂಬಬಹುದು.

ನನ್ನ ಗಮನ ಈ ಕಡೆಗೆ ತಿರುಗಿದ್ದು ನಮ್ಮ ಭಾಷೆಯಿಂದಲ್ಲ. ಕರುಕ್ ಎಂಬ, ನಮ್ಮಲ್ಲಿ ಬಹುಮಂದಿ ಹೆಸರನ್ನೂ ಕೇಳಿರದ ಒಂದು ಭಾಷೆಯಿಂದ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ವಾಯವ್ಯ ಮೂಲೆಯಲ್ಲಿ ಕ್ಲಾಮತ್ ಎಂಬ ನದಿಯ ದಂಡೆಗಳಲ್ಲಿ ಬಾಳಿದ ಮೂಲನಿವಾಸಿಗಳ ನುಡಿ ಅದು. ಕರುಕ್ ಎಂದರೆ ಆ ಭಾಷೆಯಲ್ಲಿ ಹೊಳೆಯ ಮೇಲ್ಗಡೆ. ಹೊಳೆಯ ಕೆಳಗಡೆಗೆ ಯುರುಕ್ ಎನ್ನುತ್ತಾರೆ, ಅಲ್ಲಿ ವಾಸಿಸುವ ನೆರೆಯ ಜನರನ್ನು ಲೋಕವೆಲ್ಲ ಇಂದಿಗೂ ಯುರೋಕರೆಂದೇ ಕರೆಯುತ್ತದೆ. ಹೊಳೆಗೆ ಎದುರಾಗಿ ಬೆಟ್ಟದ ಕಡೆಗೊಂದು, ಬೆಟ್ಟದಿಂದ ಹೊಳೆಯ ಕಡೆಗೊಂದು ಹೆಸರು. ನಮ್ಮ ಕಡೆಯ ಹಳಬರು ಮೂಡಲು, ಪಡುವಲು, ತೆಂಕಲು, ಬಡಗಲು ಎಂದು ಹೊಲದ ಬದುವಿನಿಂದ ಹಿಡಿದು ಊರಿನ ಬೀದಿಯವರೆಗೆ ಗುರುತು ಹೇಳುತ್ತಿದ್ದರಲ್ಲವೇ? ಆ ಜನಕ್ಕೆ ಸೂರ್ಯನ ಬದಲು ಹೊಳೆ. ಅವರ ಭಾಷೆಯಲ್ಲಿ ಒಂದನ್ನು ಒಂದೆಡೆ ಸೇರಿಸುವಾಗ ಅದು ಎತ್ತ ಹೋಯಿತೆಂಬುದು ಕ್ರಿಯಾಪದದ ಮೈಯಲ್ಲಿಯೇ ಬೆಸೆದುಕೊಂಡಿರುತ್ತದೆ. ನೀರೊಳಕ್ಕೆ ಎಂಬುದಕ್ಕೊಂದು ಪ್ರತ್ಯಯ, ಬೆಂಕಿಯೊಳಕ್ಕೆ ಎಂಬುದಕ್ಕೊಂದು, ಪಾತ್ರೆಯಂಥದರೊಳಕ್ಕೆ ಎಂಬುದಕ್ಕೊಂದು, ಮನೆಯಂಥ ಮುಚ್ಚಿದ ಜಾಗದೊಳಕ್ಕೆ ಎಂಬುದಕ್ಕೆ ಇನ್ನೊಂದು. ಹೊಳೆಯ ಮೇಲ್ಗಡೆಗೆ, ಕೆಳಗಡೆಗೆ, ಗುಡ್ಡದ ಕಡೆಗೆ ಎಂಬುವಕ್ಕೆ ಬೇರೆ ಬೇರೆ. ಇಂಥವು ಮೂವತ್ತಕ್ಕೂ ಮಿಕ್ಕಿ ಇವೆ. ಕೆಲವು ಕ್ರಿಯಾಪದಗಳಂತೂ ಕರ್ತೃ ಒಬ್ಬನೋ ಇಬ್ಬರೋ ಹಲವರೋ ಎಂಬುದನ್ನು ನೋಡಿಕೊಂಡು ಧಾತುವನ್ನೇ ಬದಲಿಸಿಬಿಡುತ್ತವೆ. ಅವರ ಮತ್ತೊಂದು ನೆರೆಯವರಾದ ಹೂಪಾ ಜನರ ಭಾಷೆಯಲ್ಲಿ ವಸ್ತುವಿನ ಆಕಾರವೇ ಯಜಮಾನ. ದುಂಡಗಿನದನ್ನು ಇಡುವ ಮಾತು ಬೇರೆ, ಕೋಲಿನಂಥದ್ದನ್ನು ಇಡುವ ಮಾತು ಬೇರೆ, ಬಟ್ಟೆಯಂಥದ್ದಕ್ಕೆ, ತುಂಬಿದ ಪಾತ್ರೆಗೆ, ಜೀವವುಳ್ಳದ್ದಕ್ಕೆ ಬೇರೆ ಬೇರೆ.

ಈ ಕರುಕ್ ಭಾಷೆಯ ವ್ಯಾಕರಣವನ್ನು ಬರೆದವರು ವಿಲಿಯಂ ಬ್ರೈಟ್. 1928ರಲ್ಲಿ ಕ್ಯಾಲಿಫೋರ್ನಿಯಾದಲ್ಲಿಯೇ ಹುಟ್ಟಿದವರು. ಬರ್ಕ್‌ಲಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ 1949ರಲ್ಲಿ ಆ ಹೊಳೆಯ ದಂಡೆಗೆ ಹೋಗಿ, ಮುದುಕರ ಮುಂದೆ ಕುಳಿತು, ಅವರು ಹೇಳಿದ್ದನ್ನು ಕೇಳಿ ಬರೆದುಕೊಳ್ಳಲು ತೊಡಗಿದರು. ಆ ಹಿರಿಯರು ಅವರಿಗೊಂದು ಹೆಸರಿಟ್ಟರು. ಅದರ ಅರ್ಥ 'ಮಾತು ಕೇಳುವ ಪುಟ್ಟವ' ಎಂದು. ಅವರ ವ್ಯಾಕರಣ 1957ರಲ್ಲಿ ಅಚ್ಚಾಯಿತು. ನನ್ನ ಓದುಗರಿಗೆ ಇದರಲ್ಲೇನು ಆಸಕ್ತಿ ಎಂದು ಕೇಳುವಿರಾದರೆ, ಅದರ ಮರುವರ್ಷವೇ, 1958ರಲ್ಲಿ, ಅದೇ ಬ್ರೈಟ್ ಅವರ ಇನ್ನೊಂದು ಪುಸ್ತಕ ಪುಣೆಯ ಡೆಕ್ಕನ್ ಕಾಲೇಜಿನಿಂದ ಹೊರಬಂತು, ಅದು ಆಡುಗನ್ನಡದ ವ್ಯಾಕರಣ!

ಇದು ಆಕಸ್ಮಿಕವಲ್ಲ. ಬರ್ಕ್‌ಲಿಯಲ್ಲಿ ಅವರ ಗುರುಗಳಲ್ಲೊಬ್ಬರು ಮರ್ರೆ ಎಮೆನೋ. 1930ರ ದಶಕದಲ್ಲಿ ನೀಲಗಿರಿಯ ತೋಡರ, ಕೋತರ ನಡುವೆಯೂ ಕೊಡಗಿನಲ್ಲಿಯೂ ವರ್ಷಗಟ್ಟಲೆ ಅಲೆದು, ಮುಂದೆ 1961ರಲ್ಲಿ ಥಾಮಸ್ ಬರೋ ಅವರೊಡನೆ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ಕೋಶವನ್ನು ಹೊರತಂದವರು. ಶಿಷ್ಯ ಗುರುವಿನ ಹಾದಿ ಹಿಡಿದು 1955ರಲ್ಲಿ ಪುಣೆಗೆ ಬಂದರು, ಎರಡು ವರ್ಷ ಇದ್ದರು, ಕನ್ನಡವನ್ನು ಕಿವಿಯಿಂದ ಕಲಿತರು. ಪಂಡಿತರ ಕನ್ನಡವನ್ನಲ್ಲ, ಬೀದಿಯ ಕನ್ನಡವನ್ನು. ಅವರ ಕಿವಿಯ ಸಂಗತಿಗೆ ಮತ್ತೆ ಬರುತ್ತೇನೆ. ಅದಕ್ಕೆ ಮೊದಲು ನಮ್ಮ ಮಾತುಗಳ ವಯಸ್ಸನ್ನು ನೋಡಬೇಕು, ಅದಕ್ಕೆ ಪುಣೆಗಾಗಲಿ ಕ್ಯಾಲಿಫೋರ್ನಿಯಾಕ್ಕಾಗಲಿ ಹೋಗಬೇಕಾದುದಿಲ್ಲ.

ನಮ್ಮ ಹಿರೀಸಾವೆಯಿಂದ ಹೊರಟು ಚನ್ನರಾಯಪಟ್ಟಣದ ಸೀಮೆಯಲ್ಲಿ ಯಾವ ದಿಕ್ಕಿಗೆ ನಡೆದರೂ ಸ್ವಲ್ಪ ಹೊತ್ತಿನಲ್ಲಿ ಬರೆಹವಿರುವ ಒಂದು ಕಲ್ಲು ಎದುರಾಗುತ್ತದೆ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಶ್ರವಣಬೆಳಗೊಳದ ಶಾಸನಗಳನ್ನು 1889ರಲ್ಲಿ, ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿ ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು ಬೆಳಗೊಳದ ಸಂಪುಟವನ್ನು ಹಿಗ್ಗಿಸಿ 1923ರಲ್ಲಿ ಮತ್ತೆ ತಂದರು. ಶಾಸನವನ್ನು ಓದುವವರು ಸಾಮಾನ್ಯವಾಗಿ ರಾಜನ ಹೆಸರನ್ನೂ ಶಕವರ್ಷವನ್ನೂ ಹುಡುಕುತ್ತಾರೆ. ನಾನು ವೃತ್ತಿದೋಷದಿಂದ ಕ್ರಿಯಾಪದವನ್ನು ಹುಡುಕುತ್ತೇನೆ. ವೀರಗಲ್ಲಾದರೆ ಅದನ್ನು 'ನಿಱಿಸಿದ'ರು ಅಥವಾ 'ನಿಲಿಸಿದ'ರು. ಭೂಮಿಯನ್ನು ಯಾರೂ ನಿಲಿಸುವುದಿಲ್ಲ, ಇಡುವುದಿಲ್ಲ. ಅದನ್ನು 'ಕೊಟ್ಟ'ರು, 'ಬಿಟ್ಟ'ರು. ನಮ್ಮ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರ ಕಣ್ಣಿಗೆ ಬಿದ್ದ, ಕ್ರಿ. ಶ. 450ರ ಸುಮಾರಿನದೆನ್ನುವ ಕಲ್ಲಿನಲ್ಲಿಯೂ ದತ್ತಿಗೆ ಇರುವ ಮಾತು 'ಕೊಟ್ಟಾರ್' ಎಂದೇ. ಒಡೆಯನ ಕೈಯಿಂದ ಬಿಟ್ಟುಹೋಗುವುದಕ್ಕೆ ಬಿಡು, ನೆಲದ ಮೇಲೆ ಎದ್ದು ನಿಲ್ಲುವುದಕ್ಕೆ ನಿಲಿಸು. ಕಲ್ಲು ಕೆತ್ತುವವನು ನಿರಕ್ಷರಿಯೇ ಆಗಿದ್ದರೂ ಈ ಎರಡನ್ನು ಅದಲುಬದಲು ಮಾಡಲಾರ.

ಇದಕ್ಕಿಂತ ಸೊಗಸಾದ ಉದಾಹರಣೆ ವಿಂಧ್ಯಗಿರಿಯ ಮೇಲಿದೆ. ಗೊಮ್ಮಟನ ಪಾದದ ಬಳಿ ಚಾವುಂಡರಾಯನ ಹೆಸರಿನ ಮುಂದೆ ಕನ್ನಡದಲ್ಲಿ ಇರುವ ಕ್ರಿಯಾಪದ 'ಮಾಡಿಸಿದಂ'. ತಮಿಳಿನಲ್ಲಿ ಅದನ್ನೇ 'ಸೆಯ್‌ವಿತ್ತಾನ್' ಎಂದಿದೆ, ಮರಾಠಿಯಲ್ಲಿ 'ಕರವಿಯಲೇಂ' ಎಂದಿದೆ. ಮೂರೂ ಮಾಡಿಸಿದ ಎಂದೇ ಹೇಳುತ್ತವೆ. ನಿಲ್ಲಿಸಿದ ಎಂದು ಒಂದೂ ಹೇಳುವುದಿಲ್ಲ. ಐವತ್ತೆಂಟು ಅಡಿಯ ಆ ಮೂರ್ತಿಯನ್ನು ಯಾರೂ ಎಲ್ಲಿಂದಲೂ ತಂದು ನಿಲ್ಲಿಸಲಿಲ್ಲ. ಬೆಟ್ಟದ ತಲೆಯ ಬಂಡೆ ಇದ್ದಲ್ಲಿಯೇ ಗೊಮ್ಮಟನಾಯಿತು. ಧರ್ಮಸ್ಥಳದ ಗೊಮ್ಮಟನ ಸಂಗತಿ ಹಾಗಲ್ಲ. ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲಿ ಕಡೆದ ಆ ಮೂರ್ತಿಯನ್ನು 1970ರ ದಶಕದಲ್ಲಿ ರಸ್ತೆಯ ಮೇಲೆ ಎಳೆದು ತಂದು, ಬೆಟ್ಟವೇರಿಸಿ, ನಿಲ್ಲಿಸಿ, 1982ರಲ್ಲಿ ಪ್ರತಿಷ್ಠಾಪಿಸಿದರು. ಅದಕ್ಕೆ ಮಾಡಿಸು ಎಂಬ ಒಂದೇ ಮಾತು ಸಾಲದು. ಇನ್ನು ಅದೇ ವಿಂಧ್ಯಗಿರಿಯ ತ್ಯಾಗದ ಕಂಬದ ಅಡಿಯಲ್ಲಿ ಒಂದು ಬಟ್ಟೆಯನ್ನು ಈ ಕಡೆಯಿಂದ ಆ ಕಡೆಗೆ ಎಳೆಯಬಹುದೆಂದು ಹೇಳಿಕೊಂಡು ಬಂದಿದ್ದಾರೆ. ಶಾಲೆಯ ಪ್ರವಾಸಕ್ಕೆ ಹೋದಾಗಲೆಲ್ಲ ಯಾವನಾದರೂ ಒಬ್ಬ ಹುಡುಗ, ಹಾಗಾದರೆ ಇದನ್ನು ನೆಟ್ಟರೋ ನಿಲ್ಲಿಸಿದರೋ ತೂಗುಹಾಕಿದರೋ ಎಂದು ಕೇಳಿಯೇ ಕೇಳುತ್ತಿದ್ದ. ನೆಡು, ನಿಲ್ಲಿಸು, ತೂಗುಹಾಕು ಎಂಬ ಮೂರು ಮಾತುಗಳ ನಡುವಿನ ಅಂತರ ಆ ಹತ್ತು ವರ್ಷದ ತಲೆಯೊಳಗೆ ಎಷ್ಟು ಸ್ಪಷ್ಟವಾಗಿತ್ತು!

ಹೊಯ್ಸಳರ ಕಾಲದಲ್ಲಿಯೇ, ಹದಿಮೂರನೆಯ ಶತಮಾನದಲ್ಲಿ, ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಕನ್ನಡದ ಧಾತುಗಳನ್ನು ಪಟ್ಟಿಮಾಡಿದ. ಅವನ ಕಾಲಕ್ಕೆ ನುಡಿಯಲ್ಲಿ ಒಂದು ದೊಡ್ಡ ಪಲ್ಲಟ ನಡೆಯುತ್ತಿತ್ತು, ಪಕಾರ ಹಕಾರವಾಗುತ್ತಿತ್ತು. ಪಾಲ್ ಎಂಬುದು ಹಾಲಾಯಿತು, ಪೂ ಎಂಬುದು ಹೂವಾಯಿತು. ಇಂದು ನಾವು ಹಾಕು ಎನ್ನುವ ಮಾತು ವಚನಕಾರರ ಬಾಯಲ್ಲಿ ಹಾಯ್ಕು ಆಗಿತ್ತು. ನಡುವಿನ ಯಕಾರ ಸವೆದುಹೋಗಿ ಹಾಕು ಆಯಿತು. ನಮ್ಮ ಹಳ್ಳಿಗಳಲ್ಲಿ ಹಕಾರವೂ ಬಿದ್ದುಹೋಗಿ ಆಕು ಎಂದಾಗಿದೆ. 'ಅಲ್ಲಾಕು, ಇಲ್ಲಾಕು' ಎನ್ನುವವನನ್ನು ಪಟ್ಟಣದವರು ಅಶುದ್ಧನೆಂದು ನಗುತ್ತಾರೆ. ಪಾಲನ್ನು ಹಾಲೆಂದ ದಿನ ನಮ್ಮೆಲ್ಲರ ಪೂರ್ವಿಕರೂ ಅಷ್ಟೇ ಅಶುದ್ಧರಾಗಿದ್ದರೆಂಬುದನ್ನು ಅವರು ಮರೆತಿರುತ್ತಾರೆ.

ಈ ಆಲು, ಆಕುಗಳನ್ನು ನಗದೆ ಕೇಳಿಸಿಕೊಂಡವರಲ್ಲಿ ಬ್ರೈಟ್ ಒಬ್ಬರು. 1960ರಲ್ಲಿ ಅವರು ಪ್ರಕಟಿಸಿದ ಒಂದು ಲೇಖನ, ಕನ್ನಡದಲ್ಲಿ ಬ್ರಾಹ್ಮಣರ ಮಾತನ್ನೂ ಒಕ್ಕಲಿಗರ ಮಾತನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುತ್ತದೆ. ಒಬ್ಬರು 'ಇದೆ' ಎಂದರೆ ಇನ್ನೊಬ್ಬರು 'ಐತೆ' ಎನ್ನುತ್ತಾರೆ, ಒಬ್ಬರು ಹಾಲೆಂದರೆ ಇನ್ನೊಬ್ಬರು ಆಲೆನ್ನುತ್ತಾರೆ. ಇವುಗಳಲ್ಲಿ ಯಾವುದು ಸರಿ ಎಂಬ ಪ್ರಶ್ನೆಯನ್ನೇ ಅವರು ಎತ್ತುವುದಿಲ್ಲ. ಎರಡೂ ಬದಲಾದ ಮಾತುಗಳೇ. ಒಂದು ಹೆಚ್ಚಾಗಿ ಹೊರಗಿನ ಶಬ್ದಗಳನ್ನು ತಂದುಕೊಂಡು ಬದಲಾಯಿತು, ಇನ್ನೊಂದು ಹೆಚ್ಚಾಗಿ ಉಚ್ಚಾರಣೆಯಲ್ಲಿ ಬದಲಾಯಿತು ಎಂಬುದು ಅವರ ತಾತ್ಪರ್ಯ. ಮುಂದೆ ನಮ್ಮ ಮೈಸೂರಿನ ಎ. ಕೆ. ರಾಮಾನುಜನ್ ಅವರೊಡನೆ ಸೇರಿ 1964ರಲ್ಲಿ ಅಚ್ಚಾದ ಇನ್ನೊಂದು ಲೇಖನದಲ್ಲಿ ಈ ವಿಚಾರವನ್ನು ಮುಂದುವರಿಸಿದರು. ಕರುಕ್ ಹಿರಿಯರ ಮುಂದೆ ಕುಳಿತು ಪಳಗಿದ ಕಿವಿಗೆ, ಯಾರ ಮಾತು ಮೇಲು ಯಾರ ಮಾತು ಕೀಳು ಎಂಬ ಭೇದವಿರಲಿಲ್ಲವೆಂದು ನನಗೆ ತೋರುತ್ತದೆ.

ನಮ್ಮ ಕಿವಿಗೆ ಆ ಭೇದವಿತ್ತು. ಅದಕ್ಕೆ ಬಲಿಯಾದ ಮಾತು 'ಇಕ್ಕು'. ಇಡು, ಹಾಕುಗಳ ಜೊತೆಗೆ ಮೂರನೆಯದಾಗಿ ಇದ್ದ, ಪ್ರಾಯಶಃ ಮೂವರಲ್ಲಿ ಹೆಚ್ಚು ಆಪ್ತವಾದ ಮಾತದು. ಹಳಗನ್ನಡದಲ್ಲಿ ಅದು ಎಲ್ಲೆಲ್ಲೂ ಇದೆ, ವಚನಗಳಲ್ಲಿದೆ. ಸರ್ವಜ್ಞನ ಪ್ರಸಿದ್ಧ ತ್ರಿಪದಿಯಲ್ಲಿ ಅನ್ನಕ್ಕೆ ಬರುವ ಕ್ರಿಯಾಪದ ಇಕ್ಕು ಎಂಬುದೇ. ನಮ್ಮ ಸೀಮೆಯಲ್ಲಿ ತಾಯಿ ಮಗನಿಗೆ ಮುದ್ದೆ ಇಕ್ಕುತ್ತಿದ್ದಳು; ಬಡಿಸುತ್ತಿರಲಿಲ್ಲ. ಬಡಿಸುವುದು ಮದುವೆಯ ಪಂಕ್ತಿಯಲ್ಲಿ. ಅಲ್ಲಿ ಬಡಿಸುವವನಿಗೂ ಉಣ್ಣುವವನಿಗೂ ಪರಿಚಯವೇ ಬೇಕಿಲ್ಲ. ಇಕ್ಕುವುದರಲ್ಲಿ ತಟ್ಟೆಯ ಪಕ್ಕದಲ್ಲಿ ಒಬ್ಬರು ಕುಳಿತಿರುತ್ತಾರೆ. ಮುದ್ದೆಯ ಬಿಸಿ ಅವರ ಅಂಗೈಗೆ ತಾಕಿರುತ್ತದೆ. ಒಮ್ಮೆ ಪರೀಕ್ಷೆಯ ಉತ್ತರಪತ್ರಿಕೆಗಳು ಬೇರೊಬ್ಬರು ನೋಡಿದ ಮೇಲೆ ನನ್ನ ಕೈಗೆ ಬಂದವು. 'ನನ್ನ ತಾಯಿ' ಎಂಬ ಪ್ರಬಂಧದಲ್ಲಿ ಒಬ್ಬ ಹುಡುಗ ಅವ್ವ ರಾತ್ರಿ ತನಗೆ ಇಕ್ಕಿ ಆಮೇಲೆ ತಾನು ಉಣ್ಣುತ್ತಾಳೆಂದು ಬರೆದಿದ್ದ. 'ಇಕ್ಕಿ' ಎಂಬುದರ ಮೇಲೆ ಕೆಂಪು ಗೆರೆ ಎಳೆದು, ಗ್ರಾಮ್ಯ ಎಂದು ಬರೆದು, ಅರ್ಧ ಅಂಕ ಕಳೆದಿತ್ತು. ಆ ಅರ್ಧ ಅಂಕವನ್ನು ನಾನು ಸೇರಿಸಿದೆ, ಅದು ದೊಡ್ಡ ವಿಷಯವಲ್ಲ. ಆದರೆ ಆ ಹುಡುಗ ಮುಂದೆ ಯಾವ ಬರೆಹದಲ್ಲಿಯೂ ಆ ಮಾತನ್ನು ಬಳಸಲಿಲ್ಲ. ಅವನ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಅವರಿಗೆ ಊಟ 'ಹಾಕು'ತ್ತಾರೆ.

ವಿನೋದವೆಂದರೆ, ಗ್ರಾಮ್ಯವೆಂದು ಹೊರಗಟ್ಟಿದ ಆ ಮಾತು ದಿನಪತ್ರಿಕೆಯ ಮುಖಪುಟದಲ್ಲಿ ದಿನವೂ ಮೆರೆಯುತ್ತಿರುತ್ತದೆ. ಎದುರಾಳಿಯನ್ನು ಹಿಂದಿಕ್ಕಿದ ಅಭ್ಯರ್ಥಿ ಎಂದು ಬರೆಯುತ್ತಾರೆ. ಹಿಂದೆ ಇಕ್ಕಿದ, ಅಂದರೆ ಹಿಂದಕ್ಕೆ ಹಾಕಿದ. ಕವಿಗಳು ಮುತ್ತಿಕ್ಕುತ್ತಾರೆ. ಇವನ್ನು ಯಾವ ಪರೀಕ್ಷಕರೂ ಗ್ರಾಮ್ಯವೆನ್ನುವುದಿಲ್ಲ. ಮುತ್ತು ಶಿಷ್ಟ, ಮುದ್ದೆ ಗ್ರಾಮ್ಯ! 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಅದನ್ನು ಗೌರವದಿಂದಲೇ ಸೇರಿಸಿಕೊಂಡಿದೆ. ಕನ್ನಡ ಸಾ­ಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟೂ ಸೇರಿಸಿಕೊಂಡಿದೆ. ಕೋಶಕ್ಕೆ ಬೇಕಾದ ಮಾತು ತರಗತಿಗೆ ಬೇಡವಾಯಿತು.

ಇಕ್ಕುವಿನ ಗತಿ ಸಂಕೋಚದಿಂದಾದರೆ, ಇನ್ನು ಕೆಲವು ಮಾತುಗಳ ಗತಿ ವಸ್ತುಗಳ ನಷ್ಟದಿಂದಾದದ್ದು. ನಮ್ಮದು ರಾಗಿ ಮತ್ತು ತೆಂಗಿನ ಸೀಮೆ. ರಾಗಿಯೊಂದನ್ನೇ ಹಿಡಿದು ಹೋಗಿ. ಕೊಯ್ದ ತೆನೆಯನ್ನು ಕಂತೆ ಕಟ್ಟಿ, ಗಾಡಿಗೆ ಹೇರಿ, ಕಣದ ಬದಿಯಲ್ಲಿ ಇಳಿಸಿ, ಮೆದೆ ಒಟ್ಟುತ್ತಿದ್ದರು. ಒಟ್ಟುವುದೆಂದರೆ ಸುಮ್ಮನೆ ಗುಡ್ಡೆ ಹಾಕುವುದಲ್ಲ. ತೆನೆ ಒಳಕ್ಕೆ, ಬುಡ ಹೊರಕ್ಕೆ, ಮಳೆ ಬಂದರೂ ನೀರು ಇಳಿಯದಂತೆ ಸುತ್ತುಸುತ್ತಾಗಿ ಏರಿಸಿಕೊಂಡು ಹೋಗಬೇಕು. ಊರಿಗೆ ನಾಲ್ಕಾರು ಜನ ಮಾತ್ರ ಅದರಲ್ಲಿ ನಿಪುಣರು. ಸೌದೆಯನ್ನೂ ಒಟ್ಟುತ್ತಿದ್ದರು, ಬೆರಣಿಯನ್ನೂ ಒಟ್ಟುತ್ತಿದ್ದರು. ಬಳಿಕ ಕಂತೆ ಬಿಚ್ಚಿ ಕಣದಲ್ಲಿ ಹರವುತ್ತಿದ್ದರು, ಗುಂಡು ಹೊಡೆದು, ತೂರಿ, ಕಾಳನ್ನು ರಾಶಿ ಮಾಡಿ, ನೆಲದೊಳಗಿನ ಹಗೇವಿಗೆ ಸುರಿಯುತ್ತಿದ್ದರು. ಹೇರು, ಇಳಿಸು, ಒಟ್ಟು, ಹರವು, ಸುರಿ: ಐದು ಮಾತುಗಳಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬರುವಂತಿಲ್ಲ. ಈಗ ಯಂತ್ರ ಬರುತ್ತದೆ. ರಸ್ತೆಯ ಮೇಲೆಯೇ ಹುಲ್ಲು ಒಂದು ಕಡೆ, ಕಾಳು ಒಂದು ಕಡೆ ಬೀಳುತ್ತದೆ. ಕಾಳನ್ನು ಚೀಲಕ್ಕೆ 'ಹಾಕು'ತ್ತಾರೆ. ಬೆನ್ನು ಮುರಿಯುವ ಆ ದುಡಿಮೆ ಹೋದುದಕ್ಕೆ ನಾನು ಕಣ್ಣೀರಿಡುವವನಲ್ಲ. ಒಕ್ಕಣೆಯ ತಿಂಗಳಲ್ಲಿ ತರಗತಿಯ ಅರ್ಧ ಬೆಂಚುಗಳು ಖಾಲಿಯಿದ್ದುದನ್ನು ಕಂಡವನು ನಾನು.

ಅಡುಗೆಮನೆಯೂ ಹಾಗೆಯೇ. ಮೂರು ಕಲ್ಲು ತಂದು ಒಲೆ ಹೂಡುತ್ತಿದ್ದರು, ಅದರ ಮೇಲೆ ಎಸರಿಡುತ್ತಿದ್ದರು. ಸಿಂಬಿಯ ಮೇಲೆ ಗಡಿಗೆ ಕೂರಿಸುತ್ತಿದ್ದರು, ಬೆಕ್ಕಿಗೆ ಎಟುಕದಂತೆ ಹಾಲಿನ ಚೆಂಬನ್ನು ನೆಲವಿಗೆ ಏರಿಸುತ್ತಿದ್ದರು, ತೊಳೆದ ಪಾತ್ರೆಯನ್ನು ಕವುಚುತ್ತಿದ್ದರು, ಒನಕೆಯನ್ನು ಗೋಡೆಗೆ ಒರಗಿಸುತ್ತಿದ್ದರು, ಕುಡುಗೋಲನ್ನು ಸೂರಿನ ಗಳಕ್ಕೆ ಸಿಕ್ಕಿಸುತ್ತಿದ್ದರು. ಬಾಗಿಲ ಮುಂದೆ ರಂಗೋಲಿಯನ್ನು ಕೆಲವರು ಇಡುತ್ತಿದ್ದರು, ಕೆಲವರು ಹಾಕುತ್ತಿದ್ದರು, ನಮ್ಮ ಅಜ್ಜಿ ಮಾತ್ರ ಬಿಡುತ್ತಿದ್ದಳು. ಎರಡು ಬೆರಳ ನಡುವಿನಿಂದ ಹಿಟ್ಟು ತಾನೇ ಇಳಿಯುವುದಲ್ಲವೇ, ಬಿಡು ಎನ್ನುವುದೇ ಅತ್ಯಂತ ನಿಖರವಾದುದೆಂದು ನನ್ನ ತೀರ್ಪು. ಕರುಕ್ ಜನ ಬೆಂಕಿಗೊಂದು, ಪಾತ್ರೆಗೊಂದು ಪ್ರತ್ಯಯವಿಟ್ಟುಕೊಂಡರೆಂದು ಅಚ್ಚರಿಪಡುವ ನಾವು, ನಮ್ಮ ಅಡುಗೆಮನೆಯಲ್ಲಿಯೇ ಎತ್ತರಕ್ಕೊಂದು, ವಾಲಿಸುವುದಕ್ಕೊಂದು, ತಲೆಕೆಳಗು ಮಾಡುವುದಕ್ಕೊಂದು ಕ್ರಿಯಾಪದ ಇಟ್ಟುಕೊಂಡಿದ್ದೆವು. ಅವರು ಬಾಲಕ್ಕೆ ಸೇರಿಸಿದ್ದನ್ನು ನಾವು ಬೇರಿನಲ್ಲೇ ಅಡಗಿಸಿದ್ದೆವು.

ಕೆಲವು ಮಾತುಗಳು ಮಾತ್ರ ಹಳ್ಳಿ ಬಿಟ್ಟು ಪಟ್ಟಣ ಸೇರಿ ಏಳಿಗೆ ಪಡೆದವು. ಹೂಡು ಎಂಬುದನ್ನು ನೋಡಿ. ಎತ್ತನ್ನು ನೊಗಕ್ಕೆ, ಬಾಣವನ್ನು ಬಿಲ್ಲಿಗೆ ಹೂಡುತ್ತಿದ್ದ ಧಾತು. ನೇಗಿಲು ಮೂಲೆ ಸೇರಿದ ಮೇಲೂ ಅದು ನಿರುದ್ಯೋಗಿಯಾಗಲಿಲ್ಲ. ನ್ಯಾಯಾಲಯದಲ್ಲಿ ದಾವೆ ಹೂಡುತ್ತಾರೆ, ಷೇರುಪೇಟೆಯಲ್ಲಿ ಬಂಡವಾಳ ಹೂಡುತ್ತಾರೆ. ಹೂಡಿಕೆದಾರ ಎಂದರೆ ಈಗ ಎತ್ತು ಕಾಣದವನು. ಒಡ್ಡು ಎಂಬುದೂ ಹೊಳೆಗೆ ಬಲೆ ಒಡ್ಡುವುದರಿಂದ ಹೊರಟು ಸವಾಲು ಒಡ್ಡುವಲ್ಲಿಗೆ ಬಂದಿದೆ. ಒಟ್ಟು ಎಂಬುದಕ್ಕೆ ಈ ಭಾಗ್ಯವಿಲ್ಲ. ಮೊತ್ತ ಎಂಬ ಅರ್ಥದ ಒಟ್ಟು ಎಲ್ಲರ ಬಾಯಲ್ಲಿದೆ, ಮೆದೆ ಒಟ್ಟುವ ಒಟ್ಟು ಇಲ್ಲ.

ಕರುಕ್ ಭಾಷೆಯ ಕತೆಯನ್ನು ಪೂರ್ತಿಮಾಡುತ್ತೇನೆ. ಅಲ್ಲಿ ಕೆಂಪು ಗೆರೆ ಎಳೆದು ಅರ್ಧ ಅಂಕ ಕಳೆದು ಬಿಡಲಿಲ್ಲ. ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ದೂರದ ವಸತಿ ಶಾಲೆಗಳಿಗೆ ಸಾಗಿಸಿ, ಮನೆಮಾತನ್ನು ಆಡಿದರೆ ಶಿಕ್ಷಿಸುತ್ತಿದ್ದ ಕಾಲ ಅದು. ಆ ಶಾಲೆಗಳಿಂದ ಮರಳಿದವರಲ್ಲಿ ಅನೇಕರು ತಮ್ಮ ಮಕ್ಕಳಿಗೆ ಆ ಭಾಷೆಯನ್ನು ಆಡಲಿಲ್ಲ. ಬ್ರೈಟ್ ಹೋಗುವ ಹೊತ್ತಿಗೆ ಮಾತು ಬಲ್ಲವರು ಬಹುಮಟ್ಟಿಗೆ ವೃದ್ಧರೇ. ಈಗಂತೂ ಅದನ್ನು ಹುಟ್ಟಿನಿಂದ ಆಡಿಕೊಂಡು ಬಂದವರನ್ನು ಬೆರಳೆಣಿಸಬಹುದು. ಆದರೆ ಅಲ್ಲಿನ ಜನ ಸುಮ್ಮನೆ ಕೂತಿಲ್ಲ. ಬ್ರೈಟ್ ಐವತ್ತು ವರ್ಷಗಳ ಹಿಂದೆ ಬರೆದಿಟ್ಟುಕೊಂಡದ್ದನ್ನೆಲ್ಲ ಅದೇ ಬುಡಕಟ್ಟಿನ ಸೂಸನ್ ಗೆಹರ್ ಅವರು ಬ್ರೈಟರ ಜೊತೆಗೂಡಿ 2005ರಲ್ಲಿ ನಿಘಂಟಾಗಿ ತಂದರು. ಈಗ ಅದು ಅಂತರಜಾಲದಲ್ಲಿಯೂ ಇದೆ; ಆ ಹೊಳೆಯ ದಂಡೆಯ ತರುಣ ತಾಯಂದಿರು ಅದನ್ನು ನೋಡಿಕೊಂಡು, ಅಜ್ಜಿಯರ ಧ್ವನಿಮುದ್ರಣ ಕೇಳಿಕೊಂಡು ಮಕ್ಕಳೊಡನೆ ಮಾತಾಡಲು ಕಲಿಯುತ್ತಿದ್ದಾರೆ. ಬುಡಕಟ್ಟಿನವರು ಬ್ರೈಟರನ್ನು ತಮ್ಮ ಗೌರವ ಸದಸ್ಯರನ್ನಾಗಿ ಮಾಡಿಕೊಂಡರು. ಹೊರಗಿನವರೊಬ್ಬರಿಗೆ ಆ ಮರ್ಯಾದೆ ಸಂದದ್ದು ಅದೇ ಮೊದಲು. ನಿಘಂಟು ಬಂದ ಮರುವರ್ಷ, 2006ರ ಅಕ್ಟೋಬರಿನಲ್ಲಿ, ಅವರು ತೀರಿಕೊಂಡರು.

ಕನ್ನಡ ಕೋಟಿಗಟ್ಟಲೆ ಜನರ ಭಾಷೆ, ಅದಕ್ಕೆ ಆ ಬಗೆಯ ಭಯವಿಲ್ಲ. ಹೋಗುವುದು ಒಂದೊಂದೇ ಮಾತು, ಒಂದೊಂದೇ ಮನೆಯಲ್ಲಿ. ನನ್ನ ಟಿಪ್ಪಣಿ ಪುಸ್ತಕದಲ್ಲಿ ನಮ್ಮ ಸೀಮೆಯ ಇಂಥ ಕ್ರಿಯಾಪದಗಳು ಈ ತಿಂಗಳಿಗೆ ಅರವತ್ತೆರಡಾಗಿವೆ. ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ಹೆಂಗಸರು ಯಾರಾದರೂ ಇದ್ದರೆ ಈ ಎರಡು ಪ್ರಶ್ನೆ ಕೇಳಿ ನನಗೆ ತಿಳಿಸಿ. ಬೀಸಿದ ಹಿಟ್ಟನ್ನು ಮಡಕೆಗೆ ಅದುಮಿ ಅದುಮಿ ತುಂಬುವುದಕ್ಕೆ ಅವರಲ್ಲಿ ಏನೆನ್ನುತ್ತಿದ್ದರು? ಮಲಗಿದ ಕೂಸನ್ನು ಎಚ್ಚರವಾಗದಂತೆ ತೋಳಿನಿಂದ ತೊಟ್ಟಿಲಿಗೆ ಇಳಿಸುವುದಕ್ಕೆ ಬೇರೆ ಮಾತು ಇತ್ತೇ? ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಿರಿ, ತಿದ್ದಬೇಡಿ. ಹಕಾರ ಬಿದ್ದುಹೋಗಿದ್ದರೆ ಬಿದ್ದುಹೋದ ಹಾಗೆಯೇ ಇರಲಿ.